ಎಂಬತ್ತೇಳು ಲಕ್ಷ ಪ್ಯಾಕೆಟ್ಟು

ಭದ್ರಾವತಿ ಹಳೇನಗರದ ಸುಷ್ಮಾ ಹದಿಮೂರು ವರ್ಷದಿಂದ ಅತಿಥಿ ಉಪನ್ಯಾಸಕಿ. ಹದಿಮೂರು ವರ್ಷ ಒಂದೇ ಮನೆಗೆ ಬಂದು ಹೋಗುವವರನ್ನು ಲೋಕದಲ್ಲಿ ಯಾರೂ ಅತಿಥಿ ಅನ್ನುವುದಿಲ್ಲ. ಸರ್ಕಾರಿ ಕಾಗದಕ್ಕೆ ಮಾತ್ರ ಆ ನಾಚಿಕೆ ಇಲ್ಲ. ಡಿಗ್ರಿ ಹುಡುಗರಿಗೆ ಕಂಪ್ಯೂಟರ್ ಪಾಠ ಹೇಳುತ್ತಿದ್ದಳು, ವರ್ಷಕ್ಕೊಮ್ಮೆ ಪಟ್ಟಿಯಲ್ಲಿ ತನ್ನ ಹೆಸರಿದೆಯೇ ಎಂದು ಉಸಿರು ಬಿಗಿಹಿಡಿದು ನೋಡುತ್ತಿದ್ದಳು. ಪಿಎಚ್‌ಡಿ ಇಲ್ಲದವರಿಗೆ ಮುಂದಿನ ಪಟ್ಟಿಯಲ್ಲಿ ಜಾಗವಿಲ್ಲ ಎಂಬುದು ಖಚಿತವಾದಾಗ ಅವಳಿಗೆ ನಲವತ್ತೊಂದು ವಯಸ್ಸು. ಪುಣ್ಯಕ್ಕೆ ಪಿಎಚ್‌ಡಿಗೆ ಸೇರಿ ಆರು ವರ್ಷವಾಗಿತ್ತು. ಆದರೆ ಕೊಟ್ಟ ಅವಧಿಯೂ ಮುಗಿದು, ಮೇಲೆ ಕೊಟ್ಟ ವಿಸ್ತರಣೆಯೂ ಆ ತಿಂಗಳಿಗೆ ಮುಗಿಯುತ್ತಿತ್ತು. ಈ ಸಲ ತಪ್ಪಿದರೆ ಡಿಗ್ರಿಯೂ ಇಲ್ಲ, ಕೆಲಸವೂ ಇಲ್ಲ.

ಸಂಶೋಧನೆ ನಡೆದದ್ದು ಶಿವಮೊಗ್ಗದ ಒಂದು ಎಂಜಿನಿಯರಿಂಗ್ ಕಾಲೇಜಿನ ಲ್ಯಾಬಿನಲ್ಲಿ, ಗೈಡ್ ಶಶಿಧರ್ ಅವರ ಕೈಕೆಳಗೆ. ಶನಿವಾರ ಮಧ್ಯಾಹ್ನ, ಭಾನುವಾರ, ಹಬ್ಬದ ರಜೆ, ಎಲ್ಲವೂ ಆ ಲ್ಯಾಬಿಗೇ ಹೋಯಿತು. ಅಲ್ಲೊಂದು ದೊಡ್ಡ ಕಂಪ್ಯೂಟರ್. ಅದಕ್ಕೆ ಎರಡು ಪ್ರೊಸೆಸರ್, ಒಂದೊಂದರಲ್ಲಿ ಹದಿನಾರು ಕೋರು. ಅಂದರೆ ಒಂದೇ ಹೊಟ್ಟೆಗೆ ಮೂವತ್ತೆರಡು ಕೈ. ನೆಟ್‌ವರ್ಕಿನಿಂದ ಪ್ಯಾಕೆಟ್ಟುಗಳು, ಅಂದರೆ ಮಾಹಿತಿಯ ಸಣ್ಣ ಸಣ್ಣ ಪೊಟ್ಟಣಗಳು, ಸುರಿದಾಗ ಈ ಕೈಗಳಲ್ಲಿ ಒಂದೆರಡು ಮಾತ್ರ ದುಡಿದು ಸಾಯುತ್ತವೆ, ಉಳಿದವು ಆಕಳಿಸುತ್ತ ಕೂರುತ್ತವೆ. ಎಲ್ಲರಿಗೂ ಸಮನಾಗಿ ಕೆಲಸ ಹಂಚುವ ಒಂದು ಉಪಾಯವನ್ನು ಸುಷ್ಮಾ ಕಂಡುಕೊಂಡಿದ್ದಳು. ಹಳೆಯ ರೀತಿಯಲ್ಲಿ ಅಳೆದಾಗ ಸೆಕೆಂಡಿಗೆ ಅರವತ್ತೆರಡು ಲಕ್ಷ ಪ್ಯಾಕೆಟ್ಟು. ಎರಡು ತಿಂಗಳ ನಂತರ ತನ್ನ ಉಪಾಯ ಹಾಕಿ ಅಳೆದಾಗ ಎಂಬತ್ತೇಳು ಲಕ್ಷ. ಆ ದಿನ ಅವಳು ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿಕೊಂಡು ಭದ್ರಾವತಿಯವರೆಗೂ ಅತ್ತಳು, ಸಂತೋಷಕ್ಕೆ. ಇಡೀ ಪ್ರಬಂಧ ನಿಂತಿದ್ದು ಆ ಇಪ್ಪತ್ತೈದು ಲಕ್ಷದ ಮೇಲೆ.

ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬರುವ ಪರೀಕ್ಷಕರು, ಹಳೆಯದು ಹೊಸದು ಎರಡನ್ನೂ ನನ್ನ ಕಣ್ಣೆದುರೇ ಅಳೆದು ತೋರಿಸಬೇಕು ಎಂದು ಬರೆದರು. ತೋರಿಸೋಣ, ಅದಕ್ಕೇನಂತೆ, ಎಂದು ಸುಷ್ಮಾ ಪರೀಕ್ಷೆಗೆ ಐದು ದಿನ ಮೊದಲು, ಭಾನುವಾರ ಬೆಳಿಗ್ಗೆ, ಅಭ್ಯಾಸಕ್ಕೆ ಕೂತಳು. ಹಳೆಯ ರೀತಿಯನ್ನು ಓಡಿಸಿದಳು. ಅರವತ್ತೆರಡು ಬರಬೇಕಾದಲ್ಲಿ ಎಂಬತ್ತೈದು ಲಕ್ಷ ಬಂತು.

ಮತ್ತೆ ಓಡಿಸಿದಳು. ಯಂತ್ರ ಆರಿಸಿ ಹೊತ್ತಿಸಿದಳು, ಹಳೆಯ ಸಾಫ್ಟ್‌ವೇರನ್ನೇ ಹುಡುಕಿ ಹಾಕಿದಳು. ಎಂಬತ್ತೈದು. ಡಬ್ಬಿಯ ಚಿತ್ರಾನ್ನ ಮುಚ್ಚಳ ತೆಗೆಯದೆ ಹಳಸಿತು. ಮೂರು ಗಂಟೆಯ ಹೊತ್ತಿಗೆ ತನ್ನ ಪ್ರಬಂಧದ ಅನುಬಂಧದಲ್ಲಿ ತಾನೇ ಅಚ್ಚು ಹಾಕಿಸಿದ್ದ, ಮೊದಲ ಅಳತೆಯ ದಿನದ ಯಂತ್ರದ ವಿವರದ ಪುಟವನ್ನೂ ಪರದೆಯನ್ನೂ ಪಕ್ಕಪಕ್ಕ ಇಟ್ಟು ಸಾಲು ಸಾಲಾಗಿ ಹೋಲಿಸಿದಳು. ಪ್ಯಾಕೆಟ್ಟುಗಳು ಒಳಬರುವ ನೆಟ್‌ವರ್ಕ್ ಕಾರ್ಡು ಯಾವ ಪ್ರೊಸೆಸರಿಗೆ ಅಂಟಿಕೊಂಡಿದೆ ಎಂದು ಹೇಳುವ ಒಂದು ಸಾಲು ಬೇರೆಯಾಗಿತ್ತು. ಮೊದಲ ಅಳತೆಯ ಕಾಲಕ್ಕೆ ಕಾರ್ಡು ಎರಡನೆಯ ಪ್ರೊಸೆಸರಿನ ಕಡೆಯ ಸ್ಲಾಟಿನಲ್ಲಿತ್ತು. ಈಗ ಮೊದಲನೆಯದರ ಕಡೆ. ಅವಳ ಪ್ರೋಗ್ರಾಂ ಓಡುತ್ತಿದ್ದದ್ದು ಯಾವಾಗಲೂ ಮೊದಲನೆಯದರಲ್ಲಿ. ಅಡುಗೆ ಭದ್ರಾವತಿಯಲ್ಲಿ, ತರಕಾರಿ ಶಿವಮೊಗ್ಗದ ಮಾರ್ಕೆಟ್ಟಿನಲ್ಲಿ, ಒಂದೊಂದು ಮೆಣಸಿನಕಾಯಿಗೂ ಬಸ್ಸು ಹತ್ತಿ ಹೋಗಿ ಬಾ ಅಂದರೆ ಊಟ ತಡವಾಗದೆ ಇರುತ್ತದೆಯೇ? ಮೊದಲು ನಿಧಾನವಾಗಿದ್ದದ್ದು ಅದಕ್ಕೆ. ಆಮೇಲೆ ವೇಗ ಬಂದದ್ದು ಆ ಓಡಾಟ ತಪ್ಪಿದ್ದಕ್ಕೆ.

ಕಾರ್ಡು ಜಾಗ ಬದಲಿಸಿದ್ದು ಯಾರು? ಎರಡು ಅಳತೆಗಳ ನಡುವೆ ಆಯುಧಪೂಜೆ ಬಂದಿತ್ತು. ಲ್ಯಾಬಿನಲ್ಲಿ ಅವರವರ ಯಂತ್ರವನ್ನು ಅವರವರೇ ಒರೆಸಿ ಪೂಜೆ ಮಾಡುವುದು ಪದ್ಧತಿ. ಬೇರೆಯವರು ಮಾನಿಟರಿಗೆ ಕುಂಕುಮವಿಟ್ಟು ಕೈ ತೊಳೆದುಕೊಂಡರೆ, ಸುಷ್ಮಾ ಯಂತ್ರದ ಮುಚ್ಚಳ ತೆಗೆದು, ಕಾರ್ಡನ್ನು ಹೊರಗೆಳೆದು, ಧೂಳು ಊದಿ, ತಟ್ಟೆಯಲ್ಲಿ ಸೇವಂತಿಗೆಯ ಪಕ್ಕ ಇಟ್ಟು ಕೈಮುಗಿದಿದ್ದಳು. ಅಷ್ಟರಲ್ಲಿ ಕುಂಬಳಕಾಯಿ ಒಡೆಯಲು ಕರೆದರು, ಮಂಡಕ್ಕಿ ಹಂಚಲು ಕರೆದರು. ಕೈಗೆ ಸುಲಭವಾಗಿ ಸಿಕ್ಕ ಸ್ಲಾಟಿಗೆ ಕಾರ್ಡು ತುರುಕಿ ಓಡಿದಳು. ಭಕ್ತಿ ಸ್ವಲ್ಪ ಕಡಿಮೆಯಿದ್ದಿದ್ದರೆ ಈ ಹೆಂಗಸು ಬದುಕಿಕೊಳ್ಳುತ್ತಿದ್ದಳು.

ಅವಳ ಉಪಾಯದ ನಿಜವಾದ ಗಳಿಕೆ ಎರಡು ಲಕ್ಷ. ಇಪ್ಪತ್ತಮೂರು ಲಕ್ಷ ಹಬ್ಬದ ಅವಸರದ್ದು. ಅವಳು ಲ್ಯಾಬಿನ ನೆಲದ ಮೇಲೆಯೇ ಕೂತುಬಿಟ್ಟಳು.

ಸೋಮವಾರ ಶಶಿಧರ್ ಎಲ್ಲವನ್ನೂ ಕೇಳಿ ಬಹಳ ಹೊತ್ತು ಕನ್ನಡಕ ಒರೆಸಿದರು. ಅವರು ಕೆಟ್ಟವರಲ್ಲ, ನಿವೃತ್ತಿಗೆ ಎರಡು ವರ್ಷ ಉಳಿದಿರುವ, ಯಾರ ಕಣ್ಣೀರನ್ನೂ ನೋಡಲಾಗದ ಮನುಷ್ಯ. ಪ್ರಬಂಧ ಹಿಂತೆಗೆದುಕೊಂಡರೆ ಮತ್ತೆ ಅವಧಿ ಸಿಗುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

"ಹಳೇದನ್ನ ಬೆಳಿಗ್ಗೆ ತೋರ್ಸಿ, ಹೊಸದನ್ನ ಮಧ್ಯಾಹ್ನ ತೋರ್ಸಿ. ಮಧ್ಯ ಊಟಕ್ಕೆ ಒಂದು ಗಂಟೆ ಬಿಡುವು ಇಟ್ಟಿರ್ತೀನಿ," ಅಂದರು. "ಅಷ್ಟರಲ್ಲಿ ನೀವು ಯಂತ್ರ ಏನು ಸರಿ ಮಾಡ್ಕೋತೀರೋ, ನಾನು ಕೇಳಲ್ಲ."

ಮನೆಯಲ್ಲಿ ಗಂಡ ಮನೋಹರನಿಗೆ ಅವಳು ಏನೂ ಹೇಳಲಿಲ್ಲ. ಹೇಳಿದ್ದರೆ ಅವನು ಬೇಡ ಅನ್ನುತ್ತಿದ್ದನೇನೋ, ಮಾಡು ಅನ್ನುತ್ತಿದ್ದನೇನೋ. ಎರಡರಲ್ಲಿ ಯಾವುದನ್ನು ಕೇಳಿದರೂ ತಡೆದುಕೊಳ್ಳುವ ಶಕ್ತಿ ಅವಳಿಗಿರಲಿಲ್ಲ.

ಶುಕ್ರವಾರ ಬೆಳಿಗ್ಗೆ, ಕಾರ್ಡನ್ನು ಅವಳು ಮೊದಲೇ ದೂರದ ಸ್ಲಾಟಿಗೆ ಹಾಕಿಟ್ಟಿದ್ದರಿಂದ, ಹಳೆಯ ರೀತಿ ಅರವತ್ತೆರಡು ಲಕ್ಷ ತೋರಿಸಿತು. ಪರೀಕ್ಷಕರು ಬರೆದುಕೊಂಡು ಊಟಕ್ಕೆ ಹೋದರು. ಸುಷ್ಮಾ ಬಾಗಿಲು ಹಾಕಿಕೊಂಡು, ಕಾರ್ಡನ್ನು ಹತ್ತಿರದ ಸ್ಲಾಟಿಗೆ ಬದಲಿಸಲು ಸ್ಕ್ರೂಡ್ರೈವರ್ ಹಿಡಿದಳು. ಅವಸರದಲ್ಲಿ ಒಂದು ಸ್ಕ್ರೂ ಯಂತ್ರದೊಳಗೇ ಬಿತ್ತು. ಅದನ್ನು ತೆಗೆಯಲು ಹತ್ತು ನಿಮಿಷ ಹಿಡಿಯಿತು. ಅವಳನ್ನು ಬಯ್ಯೋಣವೆಂದರೆ ಈ ಕಥೆ ಹೇಳುವ ನನಗೆ ಬಾಯಿ ಬರುವುದಿಲ್ಲ. ಎರಡೂವರೆಗೆ ಪರದೆಯ ಮೇಲೆ ಎಂಬತ್ತೇಳು ಲಕ್ಷ ಬಂತು, ನೋಡಲು ಸೇರಿದ್ದ ಜನ ಚಪ್ಪಾಳೆ ತಟ್ಟಿದರು. ಇಷ್ಟು ವೇಗ ಹೇಗೆ ಸಾಧ್ಯವಾಯಿತು ಎಂದು ಪರೀಕ್ಷಕರು ಕೇಳಿದಾಗ ಅವಳು ಕಾಲು ಗಂಟೆ, ಒಮ್ಮೆಯೂ ತಡವರಿಸದೆ, ಸುಳ್ಳು ಕಾರಣವನ್ನು ವಿವರಿಸಿದಳು. ಮುಂದಿನ ಬೆಂಚಿನಲ್ಲಿ ಕೂತಿದ್ದ ಅಕ್ಷರಾ ಒಂದಕ್ಷರ ಬಿಡದೆ ಬರೆದುಕೊಳ್ಳುತ್ತಿದ್ದಳು. ಹೊಳಲೂರಿನಿಂದ ಬಂದು ಹೋಗುವ ಇನ್ನೊಬ್ಬ ಅತಿಥಿ ಉಪನ್ಯಾಸಕಿ ಅವಳು, ಶಶಿಧರ್ ಬಳಿ ಆಗತಾನೇ ಪಿಎಚ್‌ಡಿಗೆ ಸೇರಿದ್ದವಳು, ಒಂದು ವರ್ಷದ ಕೂಸಿನ ತಾಯಿ.

ಸುಷ್ಮಾಳ ಹೆಸರು ಪಟ್ಟಿಯಲ್ಲಿ ಬಂತು. ಹೆಸರಿನ ಮುಂದೆ ಡಾಕ್ಟರ್ ಬಂತು.

ನಾಲ್ಕು ತಿಂಗಳಾದ ಮೇಲೆ ಒಂದು ಸಂಜೆ ಅಕ್ಷರಾಳ ಫೋನು. ಲ್ಯಾಬಿಗೆ ಬಂದ ಹೊಸ ಯಂತ್ರದಲ್ಲಿ ಸುಷ್ಮಾಳ ಉಪಾಯವನ್ನು ಹಾಕಿ ಮೂರು ತಿಂಗಳಿಂದ ಅಳೆಯುತ್ತಿದ್ದಾಳಂತೆ. ಎಷ್ಟು ಮಾಡಿದರೂ ಎರಡು ಲಕ್ಷಕ್ಕಿಂತ ಹೆಚ್ಚು ಏರುತ್ತಿಲ್ಲವಂತೆ. ಕೂಸನ್ನು ಅತ್ತೆಯ ಹತ್ತಿರ ಬಿಟ್ಟು ಭಾನುವಾರವೂ ಬರುತ್ತಾಳಂತೆ.

"ಮೇಡಂ, ನಂಗೇ ತಲೆ ಸಾಲದು ಅನ್ಸುತ್ತೆ. ಬಿಟ್ಬಿಡ್ಲಾ ಅಂತಿದೀನಿ. ನೀವೇ ಹೇಳಿ, ನಾನೆಲ್ಲಿ ತಪ್ತಿದೀನಿ?"

ಸುಷ್ಮಾ ಹೇಳಬೇಕಾದ ಮಾತು ಒಂದೇ, ತಪ್ಪು ನಿನ್ನದಲ್ಲ. ಅದನ್ನು ಹೇಳಿದರೆ ಡಿಗ್ರಿ ಹೋಗುತ್ತದೆ, ಕೆಲಸ ಹೋಗುತ್ತದೆ, ಶಶಿಧರ್ ಅವರ ಮರ್ಯಾದೆ ಹೋಗುತ್ತದೆ. ಹೇಳದಿದ್ದರೆ ಆ ಹುಡುಗಿ ಹೋಗುತ್ತಾಳೆ. ಒಳಗಿನಿಂದ ಮನೋಹರ ಊಟಕ್ಕೆ ಕರೆದ.

"ಇನ್ನೊಂದ್ಸಲ ಅಳೆದು ನೋಡಮ್ಮ," ಅಂದಳು ಸುಷ್ಮಾ.

"ಸರಿ ಮೇಡಂ," ಅಂದಳು ಅಕ್ಷರಾ. "ಭಾನುವಾರ ಬಂದು ಮೊದ್ಲಿಂದ ಶುರು ಮಾಡ್ತೀನಿ."