ನಂಜು ಎಣಿಸಲು ಬಂದ ಬಾಯಾರು

ವಾರ್ಡಿನ ಹಳೆಯ ಕಪಾಟು ಖಾಲಿ ಮಾಡುವಾಗ ಪಾದರಸದ ಥರ್ಮಾಮೀಟರುಗಳ ಒಂದು ಡಬ್ಬಿ ಸಿಕ್ಕಿತು. ಈಗ ಅವನ್ನು ಯಾರೂ ಬಳಸುವುದಿಲ್ಲ. ಒಡೆದರೆ ಅಪಾಯ, ಬೇರೆ ಕಟ್ಟಿ ಕಳಿಸಿ ಎಂದು ಮೇಲಿನಿಂದ ಹೇಳಿದ್ದಾರೆ. ಒಂದನ್ನು ಕೈಗೆ ತೆಗೆದುಕೊಂಡು, ಯಾಕೆಂದು ಗೊತ್ತಿಲ್ಲ, ಜೋರಾಗಿ ಝಾಡಿಸಿದೆ. ಪಾದರಸ ಕೆಳಗಿಳಿಯಿತು. ಹಾಗೆ ಝಾಡಿಸುವಾಗ ತೋಳು ಅಲುಗಬಾರದು, ಮಣಿಕಟ್ಟು ಮಾತ್ರ ಅಲುಗಬೇಕು ಎಂದು ತೋರಿಸಿಕೊಟ್ಟವರು ಡಾಕ್ಟರ್ ಬಾಯಾರು, ನಮ್ಮ ಕಡೆ ಲೇಡಿ ಡಾಕ್ಟರನ್ನು ಹಾಗೇ ಕರೆಯುವುದು... ಎಷ್ಟೋ ವರ್ಷಗಳ ಮೇಲೆ ಅವರ ನೆನಪಾಯಿತು.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ನರ್ಸಿಂಗ್ ಕಲಿತು ಬೈಲಹೊಂಗಲದ ದವಾಖಾನೆಗೆ ಹೊಸದಾಗಿ ಸೇರಿದ್ದೆ. ಸಂಗೊಳ್ಳಿಯಿಂದ ದಿನಾ ಮುಂಜಾನೆ ಬಸ್ಸಿಗೆ ಬರುತ್ತಿದ್ದೆ. ಒಂದು ದಿನ ನಮ್ಮ ದೊಡ್ಡ ಡಾಕ್ಟರು ಕರೆದು, ಧಾರವಾಡದಿಂದ ಒಬ್ಬ ಬಾಯಾರು ಬಂದಿದ್ದಾರೆ, ಅವರ ಜೋಡಿ ಸ್ವಲ್ಪ ದಿನ ತಿರುಗಬೇಕು ಎಂದರು. ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ, ಈ ಊರುಗಳ ದವಾಖಾನೆಗಳಲ್ಲಿ ಮಲಗಿರುವ ರೋಗಿಗಳ ಪೈಕಿ ಎಷ್ಟು ಮಂದಿಗೆ ನಂಜು ಏರಿದೆ ಎಂದು ಅವರು ಅಳೆಯಬೇಕಿತ್ತು. ಅದನ್ನು ಅಳೆದು ಏನು ಮಾಡುತ್ತಾರೆ ಎಂದು ನನಗೆ ತಿಳಿಯಲಿಲ್ಲ. ಕೇಳಲೂ ಇಲ್ಲ.

ಬಾಯಾರಿಗೆ ಆಗ ಐವತ್ತರ ಆಸುಪಾಸು. ಎತ್ತರದ ಹೆಂಗಸು, ನಗುವುದು ಕಡಿಮೆ. ಗಡಿಯಾರದ ಮುಖವನ್ನು ಅಂಗೈ ಕಡೆಗೆ ತಿರುಗಿಸಿ ಕಟ್ಟಿಕೊಳ್ಳುತ್ತಿದ್ದರು. ಮಧ್ಯಾಹ್ನ ಎಲ್ಲಿ ಇರುತ್ತೇವೋ ಅಲ್ಲೇ ಬುತ್ತಿ ಬಿಚ್ಚಿ, ಕಟಕ ರೊಟ್ಟಿ, ಶೇಂಗಾ ಚಟ್ನಿ ನನಗೂ ಜೀಪಿನ ಡ್ರೈವರನಿಗೂ ಸರಿಯಾಗಿ ಪಾಲು ಮಾಡಿ ಕೊಡುತ್ತಿದ್ದರು. ಉಣ್ಣುವಾಗ ಮಾತಾಡುತ್ತಿರಲಿಲ್ಲ.

"ಗಾಯ ಸೆಪ್ಟಿಕ್ ಆಗೂದು ಬ್ಯಾರೆ," ಎಂದು ಮೊದಲ ದಿನವೇ ಹೇಳಿದರು. "ಕೀವು ಕಂಡ್ರ ನಮ್ಮ ಮಂದಿ ಸೆಪ್ಟಿಕ್ ಅಂತಾರ. ನಾವು ನೋಡೂದು ಅದಲ್ಲ. ಒಂದು ಕಡೆ ಹತ್ತಿದ ನಂಜು ಇಡೀ ಮೈ ಕೆಡಸಾಕ ಹತ್ತೇತೇನು, ಅದನ್ನ ನೋಡೂದು."

ಕೆಲಸ ಹೀಗಿತ್ತು. ಒಂದು ದವಾಖಾನೆಗೆ ಒಂದು ದಿನ ಗೊತ್ತು ಮಾಡುವುದು. ಆ ದಿನ ಮುಂಜಾನೆ ಹಾಸಿಗೆಯ ಮೇಲೆ ಯಾರು ಯಾರು ಇದ್ದಾರೋ ಅವರನ್ನೆಲ್ಲ, ಹಲ್ಲುನೋವಿಗೆ ಬಂದವರನ್ನೂ ಬಿಡದೆ, ತಪಾಸು ಮಾಡುವುದು. ಮೈಬಿಸಿ, ನಾಡಿ, ಉಸಿರು, ರಕ್ತ. ನಾಡಿ ಹಿಡಿದಂತೆ ಮಾಡಿ ಹೊಟ್ಟೆ ಏರಿ ಇಳಿಯುವುದನ್ನು ನೋಡಬೇಕು, ಉಸಿರು ಎಣಿಸುತ್ತಿದ್ದಾರೆ ಎಂದು ಗೊತ್ತಾದರೆ ರೋಗಿ ಉಸಿರಾಟವನ್ನೇ ಬದಲಿಸುತ್ತಾನೆ ಎಂದು ಅವರಿಂದಲೇ ಕಲಿತೆ. ಮೈ ಸುಡುವುದೊಂದೇ ಗುರುತಲ್ಲ, ತಣ್ಣಗಾಗುವುದು ಅದಕ್ಕಿಂತ ಕೆಟ್ಟದ್ದು ಎಂದೂ ಕಲಿತೆ. ದವಾಖಾನೆಯ ಕಾಗದಗಳಲ್ಲಿ ಮಾತ್ರ ನಂಜು ಎಂಬ ಮಾತು ಎಲ್ಲೂ ಇರುತ್ತಿರಲಿಲ್ಲ. ಜ್ವರ, ಅಶಕ್ತಿ, ಉಬ್ಬಸ ಎಂದಿರುತ್ತಿತ್ತು.

ಕಿತ್ತೂರು ಆಯಿತು, ಬೈಲಹೊಂಗಲ ಆಯಿತು. ಆಮೇಲೆ ಸವದತ್ತಿಯ ಒಂದು ಖಾಸಗಿ ದವಾಖಾನೆ. ಅದೀಗ ಇಲ್ಲ, ಮುಚ್ಚಿ ಬಹಳ ಕಾಲವಾಯಿತು. ನಾವು ಹೋದಾಗ ವಾರ್ಡು ತೊಳೆದು ಸ್ವಚ್ಛ ಮಾಡಿದ್ದರು. ಹಾಸಿಗೆಗಳು ಬಹಳಷ್ಟು ಖಾಲಿ. ಇದ್ದವರೆಲ್ಲ ಎದ್ದು ಕೂತು ಚಹಾ ಕುಡಿಯುವಂಥವರು. ಬಾಯಾರು ಸುಮ್ಮನೆ ನೋಡುತ್ತ ಹೋಗಿ ಕಡೆಯ ಹಾಸಿಗೆಯ ಹತ್ತಿರ ನಿಂತರು. ಸಲಾಯಿನ್ ಸ್ಟ್ಯಾಂಡಿನಲ್ಲಿ ಅರ್ಧ ಬಾಟಲಿ ಹಾಗೇ ತೂಗುತ್ತಿತ್ತು.

"ಇಲ್ಲಿದ್ದವರು ಎಲ್ಲಿ?" ಎಂದು ಕೇಳಿದರು.

ಕಸ ಗುಡಿಸುತ್ತಿದ್ದ ಆಯಾ ಅತ್ತಿತ್ತ ನೋಡಿ, "ಹೂಲಿ ಊರಿನ ಬಾಣಂತಿ ಇದ್ಲರಿ ಬಾಯಾರ. ಮುಂಜಾನೆ ಮನಿಗೆ ಕಳಿಸಿದ್ರು," ಎಂದಳು.

ಬಾಯಾರು ಎಣಿಕೆ ಅಲ್ಲಿಗೇ ನಿಲ್ಲಿಸಿದರು. ಡ್ರೈವರನಿಗೆ ಹೂಲಿಗೆ ನಡಿ ಎಂದರು. ಹೊಲಗಳಲ್ಲಿ ಜೋಳ ತೆನೆ ಹಿರಿದಿತ್ತು. ಊರಲ್ಲಿ ಬಾಣಂತಿಯ ಮನೆ ಕೇಳಿದಾಗ ಒಬ್ಬ ಹೆಂಗಸು ಕೈ ಮಾಡಿ ತೋರಿಸಿದಳು.

ಒಳಕೋಣೆಯಲ್ಲಿ ಹೊರಸಿನ ಮೇಲೆ ಆ ಹುಡುಗಿ ಮಲಗಿದ್ದಳು. ನನ್ನದೇ ವಯಸ್ಸು ಇದ್ದೀತು. ತಲೆಗೆ ಅರಿವೆ ಕಟ್ಟಿದ್ದರು, ಹೊರಸಿನ ಕೆಳಗೆ ಕಾವಿಗೆಂದು ಬೆಂಕಿ ಇಟ್ಟಿದ್ದರು. ಆ ಕೋಣೆಯಲ್ಲಿ ನಿಂತರೆ ಬೆವರು ಇಳಿಯುತ್ತಿತ್ತು. ನಾನು ಅವಳ ಪಾದ ಮುಟ್ಟಿದೆ. ತಣ್ಣಗಿತ್ತು.

"ಸನ್ನಿ ಆಗೇತ್ರಿ," ಎಂದಳು ಅತ್ತೆ. ಕೂಸು ಅವಳ ತೊಡೆಯ ಮೇಲಿತ್ತು. "ನಿನ್ನೆಯಿಂದ ಏನೇನೋ ಬಡಬಡಸಾಕ ಹತ್ಯಾಳ. ಕೂಸಿನ ಗುರುತ ಹಿಡೀವಲ್ಲಳು."

ಬಾಯಾರು ಥರ್ಮಾಮೀಟರ್ ಇಟ್ಟರು, ನಾಡಿ ಹಿಡಿದರು. ಉಸಿರು ಎಣಿಸುವ ಅಗತ್ಯವೇ ಇರಲಿಲ್ಲ, ಬಾಗಿಲಿನಿಂದಲೇ ಕಾಣುತ್ತಿತ್ತು. "ಇಂಥಾಕಿನ್ನ ಯಾಕ ಕರಕೊಂಡು ಬಂದ್ರಿ?" ಎಂದು ಕೇಳಿದರು.

ಗಂಡ ಬಾಗಿಲಲ್ಲಿ ನಿಂತಿದ್ದ. "ನಾವು ಬ್ಯಾಡ ಅಂದಿವ್ರಿ," ಎಂದ. "ಧಾರವಾಡದಿಂದ ಯಾರೋ ತಪಾಸ ಮಾಡಾಕ ಬರಾವ್ರದಾರ, ಹಾಸಿಗಿ ಖಾಲಿ ಆಗಬೇಕು ಅಂದ್ರು. ಮನ್ಯಾಗ ಆರಾಮ ಆಗತೈತಿ ಅಂದ್ರು."

ಬಾಯಾರು ಅವನ ಮುಖ ನೋಡಿ, "ಆ ತಪಾಸ ಮಾಡಾಕ ಬರಾವ್ರು ನಾವಪ್ಪ," ಎಂದರು. ಹುಡುಗಿಯನ್ನು ಎತ್ತಲು ಅವನಿಗೆ ಸನ್ನೆ ಮಾಡಿದರು.

ಜೀಪಿನ ಹಿಂದಿನ ಸೀಟಿಗೆ ಕೌದಿ ಹಾಸಿ ಮಲಗಿಸಿಕೊಂಡು ಧಾರವಾಡಕ್ಕೆ ಹೊರಟೆವು. ಬಾಯಾರು ಸಲಾಯಿನ್ ಹಚ್ಚಿದರು, ಬಾಟಲಿ ನಾನು ಎತ್ತಿ ಹಿಡಿದಿದ್ದೆ. ಕೈ ಮೊದಲು ನೋಯುತ್ತದೆ, ಆಮೇಲೆ ಜೋಮು ಹಿಡಿಯುತ್ತದೆ, ಆಮೇಲೆ ಅದು ನನ್ನ ಕೈಯೇ ಅಲ್ಲ ಅನ್ನಿಸುತ್ತದೆ. ಅತ್ತೆ ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮುಂದೆ ಕೂತಿದ್ದಳು. ಅರ್ಧ ದಾರಿಯಲ್ಲಿ ತಿರುಗಿ ಕೇಳಿದಳು.

"ಉಳೀತಾಳೇನ್ರಿ ಬಾಯಾರ?"

"ಗೊತ್ತಿಲ್ಲವ್ವ."

ಅವಳು ಮತ್ತೆ ರಸ್ತೆಯ ಕಡೆ ತಿರುಗಿದಳು. ಧಾರವಾಡದ ದೊಡ್ಡ ದವಾಖಾನೆಯಲ್ಲಿ ಹುಡುಗಿ ಕೆಲವು ದಿನ ಇದ್ದಳು. ನಡುವೆ ಒಮ್ಮೆ ಕಣ್ಣು ತೆರೆದು ಕೂಸನ್ನು ಕೇಳಿದಳಂತೆ. ಆಮೇಲೆ ತೀರಿಕೊಂಡಳು. ಸುದ್ದಿ ಬಂದಾಗ ನಾನು ವಾರ್ಡಿನಲ್ಲಿ ಚಾದರ ಬದಲಿಸುತ್ತಿದ್ದೆ. ಬದಲಿಸುವುದನ್ನು ಮುಗಿಸಿದೆ. ಅಳು ಬರಲಿಲ್ಲ.

ಬಾಯಾರು ಹೂಲಿಗೆ ಹೋಗೋಣ ಎಂದರು. ಪಡಸಾಲೆಯಲ್ಲಿ ಕೂತ ಹೆಂಗಸರು ಸರಿದು ಜಾಗ ಕೊಟ್ಟರು. ಅತ್ತೆ ನೀರು ತಂದಿಟ್ಟು, "ಏನಾಗಿತ್ರಿ ನಮ್ಮ ಹುಡುಗಿಗೆ?" ಎಂದು ಕೇಳಿದಳು. ಬಾಯಾರು ಹೇಳಿದರು. ಹೆರಿಗೆಯ ಹೊತ್ತಿನಲ್ಲಿ ಒಳಗೆ ನಂಜು ಹತ್ತಿದ್ದು, ಅದು ರಕ್ತಕ್ಕೆ ಇಳಿದದ್ದು, ಬಡಬಡಿಸಿದ್ದು ಅದರಿಂದಲೇ ಎಂದು, ನಿಧಾನವಾಗಿ, ಏನನ್ನೂ ಬಿಡದೆ.

"ಹಂಗಾರ ಸನ್ನಿ ಅಲ್ಲ."

"ಅಲ್ಲವ್ವ."

"ಗಾಳಿ ಸೋಕಿದ್ದೂ ಅಲ್ಲ."

"ಅಲ್ಲ."

"ಮತ್ತ ದವಾಖಾನ್ಯಾಗ ಯಾರರ ಒಂದು ಮಾತು ಹೇಳಿದ್ರ..." ಎಂದು ಅತ್ತೆ ಅಲ್ಲಿಗೇ ಬಿಟ್ಟಳು. ಒಳಗೆ ಕೂಸು ಅತ್ತಿತು, ಎದ್ದು ಹೋದಳು. ನಾವು ಹೊರಗೆ ಬಂದೆವು.

ತಿರುಗಿ ಬರುವಾಗ ಜೀಪಿನಲ್ಲಿ ನಾನು ಕೇಳಿದೆ. "ಬಾಯಾರ, ಆಕಿನ್ನ ಎಣಸೀರೇನ್ರಿ?"

"ಇಲ್ಲ. ನಾವು ಹ್ವಾದಾಗ ಹಾಸಿಗಿ ಮ್ಯಾಲ ಇರಲಿಲ್ಲ."

"ನಂಜು ಆಕಿಗೇ ಏರಿತ್ತಲ್ರಿ."

"ಇವತ್ತ ನಾ ಒಬ್ಬಾಕಿನ್ನ ಸೇರಿಸಿದ್ರ, ನಾಳೆ ದವಾಖಾನಿಯವರು ತಮಗ ಬ್ಯಾಡಾದವರನ್ನ ಲೆಕ್ಕದಾಗಿಂದ ತಗೀತಾರ," ಎಂದರು. ಆಮೇಲೆ, ನನಗೆ ಹೇಳಿದರೋ ತಮಗೇ ಹೇಳಿಕೊಂಡರೋ, "ಬರತೇವಿ ಅಂತ ಮೊದಲ ತಿಳಿಸಿದಾಕಿ ನಾನ," ಎಂದರು.

ಅವಳನ್ನು ಲೆಕ್ಕದಿಂದ ಬಿಟ್ಟದ್ದು ನನಗೆ ಆ ದಿನ ಸರಿ ಕಾಣಲಿಲ್ಲ. ಮರುದಿನ ಬಾಯಾರು ಅಲ್ಲಿಯವರೆಗೆ ಮಾಡಿದ ಎಣಿಕೆಯನ್ನೆಲ್ಲ ರದ್ದು ಮಾಡಿದರು, ಕಿತ್ತೂರಿನದೂ ನಮ್ಮ ದವಾಖಾನೆಯದೂ ಸೇರಿ. ಮೊದಲಿನಿಂದ ಶುರು ಮಾಡಿದೆವು, ಈ ಸಲ ಯಾರಿಗೂ ಮೊದಲೇ ತಿಳಿಸದೆ. ಯಾವ ಊರು ಎಂಬುದನ್ನು ಜೀಪು ಹತ್ತಿದ ಮೇಲೆ ಡ್ರೈವರನಿಗೆ ಹೇಳುತ್ತಿದ್ದರು. ಒಪ್ಪಿಗೆಯ ಕಾಗದ ಮೇಲಿನವರಿಂದ ತಂದಿದ್ದರು, ಆದರೂ ರಾಮದುರ್ಗದಲ್ಲಿ ಒಂದು ಕಡೆ ನಮ್ಮನ್ನು ಮಧ್ಯಾಹ್ನದವರೆಗೆ ಹೊರಗಿನ ಬಾಕಿನ ಮೇಲೆ ಕೂರಿಸಿದರು. ಬಾಯಾರು ಕೂತರು. ಅಲ್ಲಿಂದಲೇ, ಹೊರಗೆ ಯಾರನ್ನಾದರೂ ಹೊತ್ತು ಒಯ್ಯುತ್ತಾರೋ ಎಂದು ಬಾಗಿಲು ನೋಡುತ್ತಿದ್ದರು.

ಎರಡನೆಯ ಸಲದ ಲೆಕ್ಕ ಮೊದಲಿನದಕ್ಕಿಂತ ಬಹಳ ಹೆಚ್ಚು ಬಂತು. ಬೈಲಹೊಂಗಲದಲ್ಲಿ ಡಾಕ್ಟರುಗಳ ಸಭೆ ಕರೆದರು. ನಾನು ಹಿಂದೆ ಗೋಡೆಗೆ ಆತು ನಿಂತಿದ್ದೆ. ಒಬ್ಬ ಹಿರಿಯ ಡಾಕ್ಟರು, ಸಿಟ್ಟಿನಿಂದಲ್ಲ, ನಿಜವಾಗಿ ಹೆದರಿಯೇ ಕೇಳಿದರು. "ಬಾಯಾರ, ಇದು ಹೊರಗ ಬಂದ್ರ ನಮ್ಮ ದವಾಖಾನಿಗೆ ಯಾರ ಬರತಾರ ಹೇಳ್ರಿ?"

"ಬರೂ ಮಂದಿ ಬರತಾರ, ಅವರಿಗೆ ಬ್ಯಾರೆ ದವಾಖಾನಿ ಎಲ್ಲೈತ್ರಿ?" ಎಂದರು ಬಾಯಾರು. "ಬಂದವರದು ಉಸಿರು ಎಣಸ್ರಿ ಅಂತೇನಿ. ಅಷ್ಟ."

ಲೆಕ್ಕವನ್ನು ಸ್ವಲ್ಪ ತಗ್ಗಿಸಿ ಬರೆಯಿರಿ ಎಂದು ಮೇಲಿನವರು ಕೇಳಿದರಂತೆ. ಬಾಯಾರು ಬರೆಯಲಿಲ್ಲ. ಕೆಲವು ತಿಂಗಳಲ್ಲಿ ಅವರಿಗೆ ದೂರ ವರ್ಗವಾಯಿತು. ಹೋಗುವ ಮುಂಚೆ ಒಮ್ಮೆ ನಮ್ಮ ವಾರ್ಡಿಗೆ ಬಂದರು. ನಾನು ಒಬ್ಬ ಬಾಣಂತಿಯ ಕೈ ಹಿಡಿದು ಹೊಟ್ಟೆ ನೋಡುತ್ತ ಎಣಿಸುತ್ತಿದ್ದೆ. ಮುಗಿಯುವವರೆಗೆ ಬಾಗಿಲಲ್ಲಿ ಕಾದು ನಿಂತರು. "ಬರತೇನಿ ತಂಗಿ," ಎಂದರು. "ಹೋಗಿ ಬರ್ರಿ," ಎಂದೆ. ಅಷ್ಟೇ ಮಾತಾಡಿದ್ದು.

ಆ ಎಣಿಕೆಯ ವರದಿ ಎಲ್ಲಿಗೆ ಹೋಯಿತು, ಯಾರು ಓದಿದರು ಎಂಬುದು ನನಗೆ ಇವತ್ತಿಗೂ ಗೊತ್ತಿಲ್ಲ. ನಮ್ಮ ವಾರ್ಡಿನಲ್ಲಿ ಮಾತ್ರ ಹೆರಿಗೆಯಾದವರ ಉಸಿರು ಎಣಿಸುವುದು ನಿಲ್ಲಲಿಲ್ಲ. ಕೆಲವರನ್ನು ಹೊತ್ತಿಗೆ ಸರಿಯಾಗಿ ಧಾರವಾಡಕ್ಕೆ ಕಳಿಸಿದ್ದೇವೆ, ಅವರು ಕೂಸು ಎತ್ತಿಕೊಂಡು ತಿರುಗಿ ಬಂದಿದ್ದಾರೆ. ಬದುಕಿ ಬಂದವರಿಗೆ ತಮಗೆ ಏನಾಗಿತ್ತು ಎಂದು ಅಷ್ಟು ತಿಳಿದಿರುವುದಿಲ್ಲ... ನಾನೂ ಬಹಳ ಹೇಳಲು ಹೋಗುವುದಿಲ್ಲ.

ಮೊನ್ನೆ ಕಪಾಟು ಖಾಲಿ ಮಾಡಿದ ದಿನ, ಆಗ ನಮ್ಮ ಜೋಡಿ ಕೆಲಸ ಮಾಡಿದ್ದ ಒಬ್ಬ ಗೆಳತಿಗೆ ಫೋನ್ ಮಾಡಿ ಬಾಯಾರು ಈಗ ಎಲ್ಲಿದ್ದಾರೆ ಎಂದು ಕೇಳಿದೆ. "ಅವರು ತೀರಿಕೊಂಡು ಬಾಳ ವರ್ಷ ಆತಲ್ಲ, ನಿನಗ ಗೊತ್ತ ಇಲ್ಲೇನು?" ಎಂದಳು. ಹೇಗೆ ಎಂದು ನಾನು ಕೇಳಲಿಲ್ಲ. ಅವಳು ಮಗಳ ಮದುವೆಯ ಮಾತು ತೆಗೆದಳು, ಅದನ್ನು ಕೇಳಿಸಿಕೊಂಡೆ. ಫೋನ್ ಇಟ್ಟ ಮೇಲೆ ಯಾರಿಗಾದರೂ ಹೇಳಬೇಕು ಅನ್ನಿಸಿ ವಾರ್ಡಿನ ಕಡೆ ನೋಡಿದೆ. ಎಲ್ಲ ಹೊಸ ಹುಡುಗಿಯರು, ಬಾಯಾರನ್ನು ಕಂಡವರು ಅಲ್ಲಿ ಒಬ್ಬರೂ ಇರಲಿಲ್ಲ.