ಬಾಕಿ ಉಳಿದ ಇಪ್ಪತ್ತೆಂಟು ಪದ

ಕೇಬಲ್ ಮಾವ ಅಂದರೆ ನಮ್ಮ ಬೀದಿಗೆಲ್ಲ ಗೊತ್ತು. ಮೂವತ್ತು ವರ್ಷ ಟೆಲಿಫೋನ್ ಕಚೇರಿಯಲ್ಲಿ ಕೇಬಲ್ ಜೋಡಿಸಿದ ಕೈ. ನೂರು ಜೋಡಿ ತಂತಿಯಲ್ಲಿ ಒಂದು ಬಾಕಿ ಇದ್ದರೂ ಜಾಯಿಂಟಿಗೆ ಮುಚ್ಚಳ ಹಾಕುತ್ತಿರಲಿಲ್ಲ. ಅಗೆದ ಹಳ್ಳದೊಳಗೇ ಕೂತು ಉಂಡು ಮುಗಿಸುವ ಆಸಾಮಿ.

ನಿವೃತ್ತನಾದ ಮೇಲೆ ಮಗಳ ಹಳೇ ಕಂಪ್ಯೂಟರಿನ ಮುಂದೆ ಕೂತು, ತಾನೇ ಕಲಿತು, ಹೊಸ ಉಸಾಬರಿ ತಲೆಗೆ ಕಟ್ಟಿಕೊಂಡ. ಕಂಪ್ಯೂಟರುಗಳನ್ನು ಒಂದಕ್ಕೊಂದು ಮಾತಾಡಿಸುವ ನೆಟ್‌ವರ್ಕ್ ತಂತ್ರಾಂಶವೊಂದಿದೆ. ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಿದ್ದಬಹುದು. ಅದನ್ನು ನಮ್ಮ ಭಾಷೆಗೆ ತಂದವರು ಹತ್ತಾರು ಜನ, ಒಬ್ಬೊಬ್ಬರದು ಒಂದೊಂದು ಬರವಣಿಗೆ. ಒಂದು ಪುಟದಲ್ಲಿ ರೂಟರ್, ಇನ್ನೊಂದರಲ್ಲಿ ರೌಟರ್, ಮತ್ತೊಂದರಲ್ಲಿ ರಾವುಟರು. ಯಂತ್ರ ಕೆಟ್ಟಾಗ ಹುಡುಕಿದವನಿಗೆ ಬೇಕಾದ ಪುಟವೇ ಸಿಗದು. ಆರುನೂರ ನಲವತ್ತು ಪದಗಳಿಗೆ ಒಂದೊಂದೇ ರೂಪ ಗೊತ್ತುಮಾಡುವ ಪಟ್ಟಿಗೆ ಮಾವ ಕೈಹಾಕಿದ.

ಬರೆದವನೇ ಒಪ್ಪುವಂತಿಲ್ಲ, ಕಳಿಸಿದ್ದನ್ನು ಇನ್ನೊಬ್ಬರು ನೋಡಿ ಒಪ್ಪಿಗೆಯ ಬಟನ್ ಒತ್ತಬೇಕು. ಅದು ಆ ತಂತ್ರಾಂಶ ನಡೆಸುವ ಗುಂಪಿನ ಕಟ್ಟಳೆ. ಆ ಇನ್ನೊಬ್ಬಳು ಪಕ್ಕದ ಬೀದಿಯ ಪ್ರೂಫ್ ಅಕ್ಕ, ಅಚ್ಚುಕೂಟದಲ್ಲಿ ಕರಡು ತಿದ್ದಿ ತಿದ್ದಿ ಕನ್ನಡಕ ದಪ್ಪ ಮಾಡಿಕೊಂಡವಳು. ಎರಡು ವರ್ಷ ಇಬ್ಬರೂ ಜುಟ್ಟು ಹಿಡಿದು ಕಾದಾಡಿದರು. ಕೊನೆಗೆ ಇಪ್ಪತ್ತೆಂಟು ಪದ ಉಳಿದವು. ಒಮ್ಮತಕ್ಕೆ ಬಂದದ್ದನ್ನು ಈಗ ಕಳಿಸು, ಉಳಿದದ್ದಕ್ಕೆ ಆಮೇಲೆ ಜಗಳವಾಡೋಣ ಅಂತ ಅಕ್ಕ ಹೇಳಿ ಹೇಳಿ ಸೋತಳು.

“ಮುಚ್ಚಳ ಅರ್ಧ ಹಾಕೋಕಾಗಲ್ಲ ಅಕ್ಕ,” ಅಂದ ಮಾವ.

“ಆ ಹಳ್ಳ ಬಿಟ್ಟು ಯಾವತ್ತಯ್ಯಾ ಮೇಲೆ ಬರ್ತೀಯ ನೀನು?” ಅಂದಳು ಅಕ್ಕ.

ಮುಂದಿನ ತಿಂಗಳು ಅವಳಿಗೆ ಲಕ್ವ ಹೊಡೆಯಿತು. ಮಾತು ನಿಂತಿತು, ಅಕ್ಷರ ತೋರಿಸಿದರೆ ಬರೀ ಗೋಡೆ ನೋಡಿದ ಹಾಗೆ ನೋಡುತ್ತಿದ್ದಳು. ಅದೇ ವಾರ ಗುಂಪಿನಿಂದ ಪತ್ರ ಬಂತು: ಹದಿನೈದನೇ ತಾರೀಖಿನೊಳಗೆ ಪಟ್ಟಿಗೆ ಒಪ್ಪಿಗೆ ಬೀಳದಿದ್ದರೆ ಹೊಸ ಆವೃತ್ತಿಯಲ್ಲಿ ನಮ್ಮ ಭಾಷೆ ಇರುವುದಿಲ್ಲ. ಅಕ್ಕನ ಬದಲು ನೀವು ಯಾರಾದರೂ ನೋಡಿ ಒಪ್ಪಿ ಅಂತ ಮಾವ ಹಿಂದೆ ಅನುವಾದಿಸಿದ ಹಳಬರಿಗೆಲ್ಲ ಬರೆದ. ಒಂದು ನರಪಿಳ್ಳೆಯೂ ಉತ್ತರ ಕೊಡಲಿಲ್ಲ.

ಇಪ್ಪತ್ತೆಂಟನ್ನೂ ಅಕ್ಕ ಹೇಳಿದ ಹಾಗೇ ತಿದ್ದಿ ಪಟ್ಟಿ ಕಳಿಸಿದ. ಆಸ್ಪತ್ರೆಗೆ ಹೋಗಿ ಹಾಸಿಗೆಯ ಪಕ್ಕ ಕೂತು ಒಂದೊಂದನ್ನೇ ಓದಿದ. ಅವಳ ಕಣ್ಣು ಕಿಟಕಿ ಬಿಟ್ಟು ಕದಲಲಿಲ್ಲ. ಅಕ್ಕನ ಮಗಳು ಅವನನ್ನು ಬಾಗಿಲಾಚೆ ಕರೆದಳು.

“ಅಮ್ಮನ ಪಾಸ್‌ವರ್ಡ್ ನನ್ನ ಹತ್ರ ಇದೆ ಮಾವ. ನಾನೇ ಒತ್ತಿಬಿಡ್ಲಾ? ಯಾರಿಗೂ ಗೊತ್ತಾಗಲ್ಲ.”

ಮಾವ ಚಪ್ಪಲಿ ಮೆಟ್ಟಿಕೊಂಡ.

“ನಿಮ್ಮಮ್ಮ ತಾನು ನೋಡದೆ ಒಂದು ಚುಕ್ಕೆಗೂ ಒಪ್ಪಿದವಳಲ್ಲಮ್ಮ. ಬೇಡ.”

ಹದಿನಾರರಂದು ನಾನು ಮಾವನ ಮನೆಗೆ ಹೋದಾಗ ಆವೃತ್ತಿ ಹೊರಬಂದಿತ್ತು. ಭಾಷೆಗಳ ಸಾಲಿನಲ್ಲಿ ನಮ್ಮದಿರಲಿಲ್ಲ. ಅಕ್ಕ ಅಂದ ದಿನವೇ ಆ ಆರುನೂರ ಹನ್ನೆರಡನ್ನು ಕಳಿಸಿದ್ದರೆ ಅವಳ ಕೈಯಲ್ಲೇ ಒಪ್ಪಿಗೆ ಬಿದ್ದಿರುತ್ತಿತ್ತು ಅಂದ ಮಾವ, ನನ್ನ ಮುಖ ನೋಡದೆ. ಎದುರಿಗೆ ಪಟ್ಟಿ ತೆರೆದೇ ಇತ್ತು. ಈಗ ಒಂದು ಪದವೂ ಬಾಕಿಯಿಲ್ಲ. ಪ್ರತಿ ಪದದ ಮುಂದೂ ಎರಡನೆಯವರ ಒಪ್ಪಿಗೆಯ ಜಾಗ ಖಾಲಿ.