ಹಗ್ಗದ ಮೇಲೆ ಬಂದ ಪಾತ್ರೆಗಳು

ಅಕ್ಟೋಬರ್ ಮುಗಿಯುವಾಗ ಕೊನೆಯ ಪ್ರವಾಸಿ ಹಡಗೂ ಹೊರಟುಹೋದರೆ, ಕೋಟೆಗೋಡೆಯೊಳಗಿನ ಆ ದ್ವೀಪದ ಊರು ಉಸ್ಸಪ್ಪಾ ಎಂದು ಕಾಲು ಚಾಚುತ್ತದೆ. ಬಾಡಿಗೆ ಮನೆಗಳ ಹಸಿರು ಕಿಟಕಿಗಳು ಒಂದೊಂದಾಗಿ ಮುಚ್ಚಿಕೊಳ್ಳುತ್ತವೆ. ಬೇಸಿಗೆಯಲ್ಲಿ ಕಾಲಿಡಲು ಜಾಗವಿಲ್ಲದ ಓಣಿಯಲ್ಲಿ ಆಮೇಲೆ ಓಡಾಡುವುದು ಸಮುದ್ರದ ಮಂಜು, ಒಂದೆರಡು ಬೆಕ್ಕು ಮತ್ತು ಪೆರಿನಾ.

ಪೆರಿನಾ ಬೇಸಿಗೆಯಿಡೀ ಬಾಡಿಗೆ ಕೋಣೆಗಳ ಚಾದರ ಒಗೆಯುತ್ತಾಳೆ. ಯಾರು ಯಾರೋ ಮಲಗಿ ಕನಸು ಕಂಡ ಆ ಬಿಳಿ ಚಾದರಗಳು ಅವಳ ಕಿಟಕಿಯಿಂದ ಎದುರುಮನೆಯ ಕಿಟಕಿಯವರೆಗೆ, ಓಣಿಯ ನೆತ್ತಿಯ ಮೇಲೆ ತೂಗುತ್ತಿರುತ್ತವೆ. ಕೆಳಗೆ ನಿಂತು ಜನ ಫೋಟೋ ತೆಗೆಯುತ್ತಾರೆ. ಒಗೆದ ಬಟ್ಟೆಯಲ್ಲಿ ಅವರಿಗೆ ಅದೇನು ಕಾಣುತ್ತದೋ ದೇವರೇ ಬಲ್ಲ. ಹಗ್ಗ ಎರಡೂ ಕಿಟಕಿಗಳ ರಾಟೆಗಳನ್ನು ಸುತ್ತಿ ಬರುವಂಥದ್ದು, ಹಾಗಾಗಿ ಅದು ಒಬ್ಬರ ಸ್ವತ್ತಲ್ಲ. ಎದುರಿನ ರಾಟೆ ಮುದುಕ ದಿಂಕೋನದು. ದೋಣಿ ಕಟ್ಟಿ ಕಟ್ಟಿ ಬೆನ್ನು ಬಾಗಿದವನು, ಹೆಂಡತಿ ಸತ್ತಮೇಲೆ ಒಬ್ಬನೇ ಇದ್ದಾನೆ. ಊರಿನಲ್ಲಿ ಹಿರಿಯ ಗಂಡಸರನ್ನೆಲ್ಲ ಕರೆಯುವಂತೆ ಪೆರಿನಾ ಅವನನ್ನು 'ಬಾರ್ಬ' ಎನ್ನುತ್ತಾಳೆ.

ಬೇಸಿಗೆಯಲ್ಲಿ ಇಬ್ಬರಿಗೂ ಜಗಳವೇ.

"ಇಡೀ ಜರ್ಮನಿ ಮಲಗಿದ ಚಾದರ ತಂದು ನೇತು ಹಾಕ್ತೀಯಲ್ಲೇ! ನನ್ನ ಕಿಟಕಿಗೆ ಬಿಸಿಲು ಬರೋದ್ಬೇಡ್ವಾ?"

"ನಿಮ್ಮ ಮೂತಿ ನೋಡಿದ್ರೆ ಬಿಸಿಲೇ ವಾಪಸ್ ಹೋಗುತ್ತೆ, ಬಾರ್ಬ!"

ಚಳಿಗಾಲ ಬಂತೆಂದರೆ ಅದೇ ಹಗ್ಗಕ್ಕೆ ಬುಟ್ಟಿ ಕಟ್ಟುತ್ತಾರೆ. ಇಲ್ಲಿಂದ ಬೀನ್ಸಿನ ಸೂಪು ಹೋದರೆ ಅಲ್ಲಿಂದ ಹುರಿದ ಮೀನು ಬರುತ್ತದೆ. ಪಾತ್ರೆಗಳನ್ನೆಲ್ಲ ಯಾರೂ ಹಿಂದಿರುಗಿಸುವುದಿಲ್ಲ. ನೆರೆಯವರದೊಂದು ತಟ್ಟೆಯಾದರೂ ಮನೆಯಲ್ಲಿ ಉಳಿಯಬೇಕು, ಅದು ಆ ಊರಿನ ವಾಡಿಕೆ. ಎಲ್ಲವನ್ನೂ ತೊಳೆದು ಒಪ್ಪಿಸುವವರು ಊರು ಬಿಡುವವರು ಮಾತ್ರ.

ಈ ಜನವರಿಯಲ್ಲಿ ಒಂದು ಬೆಳಿಗ್ಗೆ ಬುಟ್ಟಿಯಲ್ಲಿ ಪೆರಿನಾಳ ತಟ್ಟೆ ಬಂತು, ತೊಳೆದದ್ದು, ಖಾಲಿ. ಮರುದಿನ ಎರಡು ಬಟ್ಟಲು ಬಂದವು. ಆಮೇಲೊಂದು ದಿನ ಸೂಪಿನ ದೊಡ್ಡ ನೀಲಿ ಪಾತ್ರೆಯೇ ತೂಗಾಡುತ್ತಾ ಬಂತು.

ಪೆರಿನಾ ಬ್ರೆಡ್ಡಿನಂಗಡಿಗೆ ಓಡಿ ಅಂಗಡಿಯ ವಿತ್ಸಾಳನ್ನು ಕೇಳಿದಳು.

"ಅಯ್ಯೋ, ನಿಂಗೇ ಗೊತ್ತಿಲ್ವಾ?" ಎಂದಳು ವಿತ್ಸಾ. "ಮನೆ ಮಾರಿ ಸ್ಪ್ಲಿಟ್ ಪಟ್ಟಣದಲ್ಲಿರೋ ಮಗಳ ಹತ್ರ ಹೋಗ್ತಾನಂತೆ. ಶನಿವಾರ ಮನೆ ನೋಡೋಕೆ ಬರ್ತಾರೆ, ಯಾರೋ ದೂರದವರು."

ಆ ಸಂಜೆ ಮಂಜು ಓಣಿಯೊಳಗೆ ತೇಲಿಬಂತು. ಕಲ್ಲುಗೋಡೆಗಳು ಕರಗಿಹೋದಂತೆ, ಎರಡು ಮನೆಗಳು ನೀರಿನ ಮೇಲೆ ತೇಲುತ್ತಿರುವಂತೆ ಪೆರಿನಾಳಿಗೆ ಕಂಡಿತು. ಎದುರಿನಲ್ಲಿ ದಿಂಕೋನ ದೀಪ ಹಳದಿಯಾಗಿ ಹರಡಿತ್ತು. ಇಡೀ ಓಣಿಯಲ್ಲಿ ಉರಿಯುತ್ತಿದ್ದುದು ಆ ದೀಪ ಮತ್ತು ತನ್ನದು, ಅಷ್ಟೇ. ದಿಂಕೋನದೂ ಆರಿದರೆ ತಾನು ಎದ್ದಿದ್ದೇನೋ ಸತ್ತಿದ್ದೇನೋ ನೋಡುವವರು ಯಾರು? ಅವಳಿಗೆ ನಿಜವಾಗಿಯೂ ಹೆದರಿಕೆಯಾಯಿತು. ಎದ್ದು ಹೋಗಿ 'ಇಲ್ಲೇ ಇರಿ' ಎಂದು ಹೇಳಬಹುದಿತ್ತು. ಹೇಳಲು ತಾನ್ಯಾರು ಎಂದುಕೊಂಡು ಕೂತೇ ಇದ್ದಳು.

ಆದರೆ ಶನಿವಾರ ಸುಮ್ಮನೆ ಕೂರಲಿಲ್ಲ. ತೀರಿಹೋದ ಅಪ್ಪನ ತೇಪೆ ಹಾಕಿದ ಉದ್ದ ಚಡ್ಡಿಗಳು, ತೂತುಬಿದ್ದ ಬನಿಯನ್ನುಗಳು, ನೆಲ ಒರೆಸುವ ಚಿಂದಿಗಳು, ಎಲ್ಲಕ್ಕಿಂತ ಮುಂದೆ ಗಬ್ಬು ನಾರುವ ಒಣಮೀನು. ಎಲ್ಲವನ್ನೂ ಹಗ್ಗಕ್ಕೆ ಸಿಕ್ಕಿಸಿ, ಮೀನು ದಿಂಕೋನ ಕಿಟಕಿಗೆ ಮುಟ್ಟುವವರೆಗೆ ಎಳೆದಳು. ಆಮೇಲೆ ಕಿಟಕಿಯ ಸಂದಿಯಲ್ಲಿ ಕಣ್ಣಿಟ್ಟು ಕಾದಳು.

ಮನೆ ನೋಡಲು ಬಂದ ಗಂಡ ಹೆಂಡತಿ ಕಿಟಕಿ ತೆರೆದರು. ಹೆಂಡತಿ ಮೂಗು ಮುಚ್ಚಿಕೊಳ್ಳಲಿಲ್ಲ, ಚಪ್ಪಾಳೆ ತಟ್ಟಿದಳು. ಗಂಡ ಚಡ್ಡಿಯ ಫೋಟೋ ತೆಗೆದ, ಮೀನಿನದೂ ತೆಗೆದ. ಇಷ್ಟು ವರ್ಷ ಇಂಥವರ ಚಾದರ ಒಗೆದೂ ತನಗೆ ಬುದ್ಧಿ ಬರಲಿಲ್ಲವಲ್ಲ ಎಂದು ಪೆರಿನಾ ಹಣೆ ಚಚ್ಚಿಕೊಂಡಳು.

ಅವರು ಹೋದ ಮೇಲೆ ಎದುರಿನ ಕಿಟಕಿ ಧಡಾರನೆ ತೆರೆಯಿತು.

"ಏಯ್ ಪೆರಿನಾ! ಮನೆ ತುಂಬಾ ಹಿಡಿಸ್ತಂತೆ. ವರ್ಷಕ್ಕೆ ಎರಡು ವಾರ ಬರ್ತಾರಂತೆ. ಈ ಹಗ್ಗ, ಈ ಚಡ್ಡಿ ಎಲ್ಲ ಹೀಗೇ ತೂಗ್ತಿರ್ಲಿ, ಚೆಂದ ಕಾಣುತ್ತೆ ಅಂದ್ರು." ಅವನು ಹಗ್ಗ ಹಿಡಿದು ಜಗ್ಗಿದ. "ಚಡ್ಡಿ ಬೇಕಂತೆ ಕಣೇ ಅವರಿಗೆ! ಚಡ್ಡಿ ಹಾಕ್ಕೊಳ್ಳೋ ಮನುಷ್ಯ ಬೇಡ್ವಂತೆ!"

ಪೆರಿನಾಳಿಗೆ ನಗು ಬಂತು, ಜೊತೆಗೇ ಕಣ್ಣು ತುಂಬಿತು.

"ಹೋಗ್ಬೇಡಿ, ಬಾರ್ಬ," ಎಂದಳು.

ಅವನು ಕಿಟಕಿ ಮುಚ್ಚಿಕೊಂಡ.

ಭಾನುವಾರ ಬೆಳಿಗ್ಗೆ ಮಂಜಿನಲ್ಲಿ ಎದುರುಮನೆಯೇ ಕಾಣುತ್ತಿರಲಿಲ್ಲ. ಸ್ಪ್ಲಿಟ್‌ಗೆ ಹೋಗುವ ದೋಣಿ ಕೂಗು ಹಾಕಿ ಹೊರಟಿತು. ಹೋದ, ಒಂದು ಮಾತೂ ಹೇಳದೆ ಹೋದ ಎಂದು ಪೆರಿನಾ ಕಾಫಿ ಕುಡಿಯುವುದನ್ನೂ ಮರೆತು ಕೂತಳು. ಅಷ್ಟರಲ್ಲಿ ರಾಟೆ ಕಿರುಗುಟ್ಟಿತು. ಮಂಜಿನೊಳಗಿಂದ ಬುಟ್ಟಿ ಮೆಲ್ಲಗೆ ಬಂತು. ಬಗ್ಗಿ ನೋಡಿದರೆ ಅದರಲ್ಲಿ ಏನೂ ಇರಲಿಲ್ಲ. ಅವಳ ಪಾತ್ರೆಗಳೆಲ್ಲ ಆಗಲೇ ಬಂದಾಗಿತ್ತಲ್ಲ.

"ಖಾಲಿ ಬುಟ್ಟೀಲಿ ಏನ್ ಹುಡುಕ್ತಿದ್ದೀಯೇ?" ಮಂಜಿನ ಆಚೆಯಿಂದ ದನಿ ಬಂತು. "ಆ ನೀಲಿ ಪಾತ್ರೆ ಕಳಿಸು. ನಾನು ಆಲೂಗಡ್ಡೆ ಯಾತರಲ್ಲಿ ಬೇಯಿಸ್ಲಿ?"

ಪೆರಿನಾ ನೀಲಿ ಪಾತ್ರೆಯನ್ನು ಬುಟ್ಟಿಯಲ್ಲಿಟ್ಟಳು. ಅದರೊಳಗೆ ಎರಡು ಬಟ್ಟಲು, ತಟ್ಟೆ ಎಲ್ಲವನ್ನೂ ಇಟ್ಟು ಹಗ್ಗ ಎಳೆದಳು.